ಉಸಿರೋ, ಹೊಗೆಯೋ

ಪರದೆಯ ಮೇಲೆ, ಮೂರನೇ ಪಂಪಿನ ಮುಂದೆ ನಿಂತಿದ್ದವನ ಬಾಯಿಂದ ಬಿಳಿ ಮೋಡವೊಂದು ಎದ್ದಿತು. ಟೆಪ್ಪೇಯಿಯ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು.

ಹಿಮ ಬೀಳುವ ಹಚಿನೊಹೆ ಊರಿನ ಆ ಬಂಕಿನಲ್ಲಿ ಗಿರಾಕಿಗಳೇ ಪೆಟ್ರೋಲು ತುಂಬಿಕೊಳ್ಳುತ್ತಾರೆ. ಆದರೆ ಒಳಗೆ ಕೂತವನು, ಯಾರೂ ಸಿಗರೇಟು ಸೇದುತ್ತಿಲ್ಲವೆಂದು ಪರದೆಯಲ್ಲಿ ನೋಡಿ ಗುಂಡಿ ಒತ್ತುವ ತನಕ ಒಂದು ತೊಟ್ಟೂ ಬರುವುದಿಲ್ಲ. ಬೇಸಿಗೆಯಲ್ಲಿ ಇದು ಸಲೀಸು. ಫೆಬ್ರವರಿಯಲ್ಲಿ ಚಳಿಗೆ ಊರಿನ ಪ್ರತಿ ಬಾಯಿಯೂ ಹೊಗೆಯಾಡುತ್ತದೆ. ಯಾವುದು ಉಸಿರು, ಯಾವುದು ಎಲೆಕ್ಟ್ರಾನಿಕ್ ಸಿಗರೇಟು ಎಂದು ಆ ಹಾಳು ಪರದೆಯಲ್ಲಿ ದೇವರಿಗೂ ತಿಳಿಯದು.

ನಿನ್ನೆ ಟೆಪ್ಪೇಯಿ ಒಬ್ಬ ಮುದುಕಿಯನ್ನು, ಸಿಗರೇಟು ಸೇದುತ್ತಿದ್ದಾಳೆಂದು ಮೈಕಿನಲ್ಲಿ ಗದರಿಸಿಬಿಟ್ಟಿದ್ದ. ಪಾಪ, ಅವಳು ಬರೀ ಏದುಸಿರು ಬಿಡುತ್ತಿದ್ದಳು. ಮ್ಯಾನೇಜರ್ ನುಮಾತಾ ಅವಳೆದುರು ಸೊಂಟ ಮುರಿಯುವಷ್ಟು ಬಾಗಿ ಕ್ಷಮೆ ಕೇಳಿ, ಆಮೇಲೆ ಒಳಗೆ ಬಂದು ಹೇಳಿದ್ದ: "ಇನ್ನೊಂದ್ಸಲ ಗಿರಾಕಿ ಹತ್ರ ಬೈಸಿಕೊಂಡ್ಯೋ, ಮಾರನೇ ದಿನದಿಂದ ಬರ್ಬೇಡ." ಓದು ಬಿಟ್ಟವನಿಗೆ ಈ ಊರಲ್ಲಿ ಬೆಚ್ಚಗೆ ಕೂರಿಸಿ ಸಂಬಳ ಕೊಡುವವರು ಇನ್ನಾರಿದ್ದಾರೆ?

ಹೊರಗೆ ನಿಂತವನು ಹಟಾಕೆಯಾಮಾ. ಮೀನಿನ ಸಾಹುಕಾರ. ಅವನ ಲಾರಿಗಳಿಗೆಲ್ಲ ಡೀಸೆಲ್ ಹಾಕಿಸುವುದು ಇಲ್ಲೇ.

"ಏ ತಮ್ಮಾ, ನಿದ್ದೆ ಹೊಡೀತಿದ್ದೀಯಾ? ಒತ್ತೋ!" ಸ್ಪೀಕರು ಕಿರುಚಿತು.

ಒತ್ತಿಬಿಟ್ಟರೆ ಕೆಲಸ ಉಳಿಯುತ್ತದೆ. ಒತ್ತಿದ ಮೇಲೆ ಏನಾದರೂ ಹತ್ತಿಕೊಂಡರೆ? ಟೆಪ್ಪೇಯಿ ಕುರ್ಚಿಯನ್ನು ಹಿಂದಕ್ಕೆ ಒದ್ದು ಹೊರಗೆ ನಡೆದ.

"ಯಜಮಾನ್ರೇ, ಕೈ ತೋರ್ಸಿ."

"ಯಾಕೋ, ಭವಿಷ್ಯ ಹೇಳ್ತೀಯಾ?" ಬಲಗೈ ಜಾಕೆಟ್ಟಿನ ಜೇಬಿನಿಂದ ಹೊರಬರಲಿಲ್ಲ.

"ಜೇಬಲ್ಲಿರೋದನ್ನ ಈ ಕಡೆ ಕೊಡಿ."

"ಏನಿದೆಯೋ ಜೇಬಲ್ಲಿ? ಇದ್ರೂ ಅದೇನು ಬೆಂಕಿನಾ? ಬರೀ ಆವಿ!"

"ಒಳಗೆ ತಂತಿ ಕೆಂಪಗೆ ಕಾಯುತ್ತಲ್ಲ, ಅದೇನು ಐಸಾ? ಇಲ್ಲಿ ಪೆಟ್ರೋಲ್ ಗಾಳೀಲೇ ತುಂಬ್ಕೊಂಡಿರುತ್ತೆ. ನೀವು ಸಾಹುಕಾರ್ರು ಅಂತ ಅದು ಸುಮ್ನಿರಲ್ಲ."

"ಏನೂ ಇಲ್ಲ ನನ್ ಹತ್ರ! ಕರಿಯೋ ನಿನ್ ಮ್ಯಾನೇಜರನ್ನ!"

ಕರೆಯಬೇಕಾಗಿರಲಿಲ್ಲ. ನುಮಾತಾ ಓಡಿ ಬರುತ್ತಲೇ ಬಾಗತೊಡಗಿದ್ದ. ಮುಗಿಯಿತು, ಎಂದುಕೊಂಡ ಟೆಪ್ಪೇಯಿ.

ಅಷ್ಟರಲ್ಲಿ ಕಾರಿನ ಬಾಗಿಲು ತೆರೆಯಿತು. ಸಾಹುಕಾರನ ಹೆಂಡತಿ.

"ಏನೂ ಇಲ್ವಾ? ಹಂಗಾದ್ರೆ ಬೆಳಗಿಂದ ಕಾರೆಲ್ಲ ಕರ್ಬೂಜದ ಹೊಗೆ ನಾರ್ತಿದ್ಯಲ್ಲ, ಅದ್ಯಾವ ಮೀನಿಂದ್ರೀ? ಹೊಸ ವರ್ಷಕ್ಕೆ ಸೇದೋದು ಬಿಟ್ಟೆ ಅಂತ ನಮ್ಮಮ್ಮನ ಮುಂದೆ ಆಣೆ ಮಾಡಿದ್ರಲ್ಲ!"

ಹಟಾಕೆಯಾಮಾನ ಕುತ್ತಿಗೆ ಕೆಂಪೇರಿತು. ಜೇಬಿನಿಂದ ಕೈ ನಿಧಾನವಾಗಿ ಹೊರಬಂತು. ಬೆರಳುಗಳ ನಡುವೆ ಎಲೆಕ್ಟ್ರಾನಿಕ್ ಸಿಗರೇಟಿನ ಪುಟ್ಟ ನೀಲಿ ದೀಪ ಇನ್ನೂ ಉರಿಯುತ್ತಿತ್ತು. ಹೆಂಡತಿ ಅದನ್ನು ಕಸಿದುಕೊಂಡು ತಿರುಗಿಸಿ ನೋಡಿದಳು.

"ಇದನ್ನ ಆರ್ಸೋದು ಹೆಂಗಪ್ಪಾ?"

"ಇಲ್ಲಿ ಮುಟ್ಬೇಡಿ, ಅಕ್ಕಾ." ಟೆಪ್ಪೇಯಿ ಅದನ್ನು ಇಸಿದುಕೊಂಡು ರಸ್ತೆಯಂಚಿನ ಹಿಮದ ರಾಶಿಯವರೆಗೂ ನಡೆದುಹೋಗಿ, ಅಲ್ಲಿ ಆರಿಸಿ ತಂದುಕೊಟ್ಟ. ಅವಳು ಕೈಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

ಅರ್ಧ ಬಾಗಿದ್ದ ನುಮಾತಾನಿಗೆ ಯಾರಿಗೆ ಬಾಗುವುದೆಂದೇ ತಿಳಿಯಲಿಲ್ಲ. ಕೊನೆಗೆ ಅವಳಿಗೇ ಬಾಗಿದ. ಟೆಪ್ಪೇಯಿಯ ಪಕ್ಕ ಹಾದು ಹೋಗುವಾಗ, ಮುಖ ನೋಡದೆ ಅಂದ: "ನಾಳೆ ಸ್ವಲ್ಪ ಬೇಗ ಬಾ. ಹಿಮ ಗುಡಿಸ್ಬೇಕು."

ಟೆಪ್ಪೇಯಿ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತ. ಸುಮ್ಮನೆ ನಗು ಬಂತು. ಗುಂಡಿ ಒತ್ತಿದ.

ಪರದೆಯಲ್ಲಿ ಸಾಹುಕಾರ ಎರಡೂ ಕೈಯಲ್ಲಿ ಪೈಪು ಹಿಡಿದು ನಿಂತಿದ್ದ. ಹೆಂಡತಿ ಕಾರಿನಿಂದ ಬಾಗಿ, ಸುಲಿದ ಕಿತ್ತಳೆಯ ತೊಳೆಯೊಂದನ್ನು ಅವನ ಬಾಯಿಗೆ ತುರುಕಿದಳು. ಅವನು ತುಟಿ ಮುಚ್ಚಿ ಅಗಿಯತೊಡಗಿದ.