ಕಾಯಿ ಸುಲಿದ ಕೈ

ಅಟ್ಟದಲ್ಲಿ ಕೊಳೆತ ಕೊಬ್ಬರಿಯ ಕೌಟು ವಾಸನೆಗೆ ಹೆದರಿ ಚಿಕ್ಕಂದಿನಲ್ಲಿ ನಾನು ಬಿಳಿಗೆರೆಯ ಮನೆಯ ಏಣಿಯನ್ನೇ ಹತ್ತುತ್ತಿರಲಿಲ್ಲ. ಭಾನುವಾರ ಪಕ್ಕದ ಮನೆಯ ನಿಖತ್ ಬಂದು ಕೂತಾಗ ಅವಳ ಚೀಲದಲ್ಲಿದ್ದ ಬಿಳಿ ಕೋಟಿನಿಂದ ಬಂದದ್ದು ಬೇರೆಯೇ ವಾಸನೆ, ಔಷಧಿಯದು. ಆದರೂ ನನಗೆ ಆ ಅಟ್ಟವೇ ನೆನಪಾಯಿತು.

ಟೈಲರ್ ಅಬ್ದುಲ್ ರಹೀಮರ ಮಗಳು. ಮೆಡಿಕಲ್ ಮೊದಲ ವರ್ಷ. ನಾಲ್ಕು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಕಾಲೇಜಿನವರು ಕೊಟ್ಟ ಹಾಳೆಯೊಂದನ್ನು ನನ್ನ ಮುಂದಿಟ್ಟಳು. ಅಂಗರಚನೆಯನ್ನು ಹೇಗೆ ಕಲಿಸಿದರೆ ಒಳ್ಳೆಯದು ಎಂದು ಕೇಳಿದ್ದರು: ಹೆಣ ಕೊಯ್ದೋ, ಮೇಷ್ಟ್ರು ಮೊದಲೇ ಕೊಯ್ದಿಟ್ಟದ್ದನ್ನು ನೋಡಿಯೋ, ಕಂಪ್ಯೂಟರ್ ಪರದೆಯ ಮೇಲೋ. ಅವಳ ಗೆಳತಿ ಯೋಗಿತಾ, ಕೈಯಾಡಿಸದೆ ಏನೂ ತಲೆಗೆ ಹತ್ತುವುದಿಲ್ಲ ಎಂದು ಬರೆದಿದ್ದಳಂತೆ. ಪರದೆಯಾದರೆ ತಪ್ಪನ್ನು ಅಳಿಸಿ ಮತ್ತೆ ಕೊಯ್ಯಬಹುದು, ವಾಂತಿಯೂ ಬರುವುದಿಲ್ಲ ಎಂದು ಉಜ್ವಲ್ ಎಂಬ ಸಹಪಾಠಿಯ ವಾದ. ನಿಖತ್ ಪರದೆಗೆ ಗುರುತು ಹಾಕಿದ್ದಳು, ಕಾಗದ ಹರಿಯುವಷ್ಟು ಒತ್ತಿ.

ಅವಳ ಮೇಜಿನ ಹೆಣದ ಅಂಗೈ ದಪ್ಪಗೆ ಜಡ್ಡುಗಟ್ಟಿತ್ತಂತೆ. ಬೇರೆ ಊರಿನ ಹುಡುಗರು ಚರ್ಮದ ಕಾಯಿಲೆ ಎಂದು ಬರೆದುಕೊಂಡರು. ಇವಳೊಬ್ಬಳಿಗೆ ಗೊತ್ತಾಯಿತು, ಅದು ವರ್ಷಗಟ್ಟಲೆ ತೆಂಗಿನಕಾಯಿ ಸುಲಿದ ಕೈ. ನಮ್ಮ ಕಡೆಯವನೇ. ನಾಳೆ ಆ ಕೈ ಕೊಯ್ಯುವ ಸರದಿ ಅವಳದು. ಓದು ಬಿಡುತ್ತೇನೆಂದು ಅಪ್ಪನಿಗೆ ಹೇಳಲು ನನ್ನನ್ನು ಜೊತೆಗೆ ಕರೆಯಲು ಬಂದಿದ್ದಳು. ಹೆಣದ ಮುಖಕ್ಕೆ ಬಟ್ಟೆ ಮುಚ್ಚಿರುತ್ತಾರಂತೆ.

“ಬಟ್ಟೆ ತೆಗೆದಾಗ ಗುರುತಿನೋರೇ ಆಗಿಬುಟ್ರೆ ಏನ್ ಮಾಡ್ಲಿ ಟೀಚರಜ್ಜಿ?”

ಎರಡು ವರ್ಷದ ಹಿಂದೆ ಅದೇ ಕಾಲೇಜಿನ ದೇಹದಾನದ ಪತ್ರಕ್ಕೆ ನಾನು ಸಹಿ ಹಾಕಿದ್ದೆ. ಹೇಳಿದರೆ ಇವಳು ಇವತ್ತೇ ಓದು ಬಿಟ್ಟಾಳು. ಹೇಳದಿದ್ದರೆ ಒಂದು ದಿನ ಬಟ್ಟೆ ಸರಿಸಿ ನನ್ನನ್ನೇ ನೋಡಿಯಾಳು.

ಹೇಳಿದೆ.

ಅವಳು ಕುರ್ಚಿಯಿಂದ ಎದ್ದು ಗೋಡೆಗೆ ಒರಗಿ ನನ್ನ ಕೈಯನ್ನೇ ನೋಡಿದಳು. ಆ ತಣ್ಣನೆಯ ಮೇಜು ನನ್ನ ಬೆನ್ನಿಗೆ ಮೊದಲ ಸಲ ತಾಗಿದಂತಾಯಿತು. ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದಳು. ಆಗುತ್ತದೆ ಎಂದೆ. ಕ್ಲಾಸ್ ಮುಗಿದ ಮೇಲೆ ಕಾಯಿ ಸುಲಿದ ಆ ಕೈ ಏನಾಗುತ್ತದೆ ಎಂದು ಕೇಳಿದೆ.

“ಹೊರಗೇ ಬಿಟ್ಟಿರ್ತಾರೆ. ನಾನೇ ಬಟ್ಟೆಯೊಳಕ್ಕೆ ಸೇರಿಸಿ ಬತ್ತೀನಿ.”

“ನನ್ ಕೈನೂ ಹಂಗೆ ಸೇರ್ಸೋರು ಒಬ್ರಿದ್ರೆ ಸಾಕು ಕಣೇ.”

ನಿಖತ್ ಮತ್ತೆ ಬಂದು ಕೂತು ಹಾಳೆಯನ್ನು ಎಳೆದುಕೊಂಡಳು. ಪರದೆಗೆ ಹಾಕಿದ್ದ ಗುರುತನ್ನು ಹೊಡೆದುಹಾಕದೆ, ಅದರ ಕೆಳಗೆ ಸೊಟ್ಟಗೆ ಬರೆದಳು: ಕೊಯ್ಯಿಸುವುದಾದರೆ, ಅವರು ಏನು ಕೆಲಸ ಮಾಡುತ್ತಿದ್ದರೆಂದು ಮೊದಲು ಹೇಳಿ. ಬೆಳಿಗ್ಗೆ ಆರರ ಬಸ್ಸಿಗೆ ಹೋಗುತ್ತೇನೆ ಎಂದಳು.

ಬಾಗಿಲಲ್ಲಿ ಅವಳ ತಾಯಿ ಅಜೀಜುನ್ನೀಸಾ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. ಭಾನುವಾರವಾದರೂ ಮಗಳಿಗಾಗಿ ಅವರ ಮನೆಯಲ್ಲಿ ಮಾಂಸ ಬೇಯಿಸಿರಲಿಲ್ಲ. ಒಳಗೆ ಬಂದು, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ತಟ್ಟೆಯನ್ನು ಮಗಳ ಕೈಗೆ ಕೊಟ್ಟಳು.