ಹಿಂಬಾಗಿಲ ಬಳಿಯ ಮಿಷನ್

ಶಾಲೆಯ ಸಮವಸ್ತ್ರ ಹೊಲಿಯುವ ಆ ಅಂಗಡಿಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ನಿಯಮವೊಂದಿತ್ತು. ಬಸುರಿಯಾದವಳಿಗೆ ಹಿಂಬಾಗಿಲ ಬಳಿಯ ಮಿಷನ್. ಅಲ್ಲಿಂದ ಎದ್ದರೆ ಸಾಕು, ಪಕ್ಕದಲ್ಲೇ ಟಾಯ್ಲೆಟ್ಟು. ಇನ್ನೊಬ್ಬಳು ಬಸುರಿಯಾಗುವ ತನಕ ಆ ಜಾಗ ಅವಳದ್ದೇ; ಆಮೇಲೆ ಮತ್ತೆ ಬೀದಿ ಕಡೆಯ ಕಿಟಕಿ ಸಾಲು. ನಿಯಮ ಮಾಡಿದವಳು ಅಂಗಡಿಯ ಒಡತಿ ದೊಡ್ಡಕ್ಕ. ಅವಳ ಮಾತಿಗೆ ಎದುರಾಡುವ ಗಂಡೆದೆ ಅಲ್ಲಿ ಯಾರಿಗೂ ಇರಲಿಲ್ಲ.

ಅಂಗಿಗೆ ಕಾಲರ್ ಕೂರಿಸುವವಳನ್ನು ಎಲ್ಲರೂ ಕಾಲರಕ್ಕ ಅನ್ನುತ್ತಿದ್ದರು. ಗಂಡನಿಗೆ ಬಿಟ್ಟರೆ ಇನ್ಯಾರಿಗೂ ಹೇಳದ ಗುಟ್ಟೊಂದು ಅವಳಲ್ಲಿತ್ತು. ಅವಳ ದೊಡ್ಡ ಕರುಳಿನಲ್ಲಿ ಹುಣ್ಣು. ಮದುವೆಗೂ ಮುಂಚಿನ ಕಾಯಿಲೆ. ಮಾತ್ರೆಯಿಂದ ತಿಂಗಳುಗಟ್ಟಲೆ ಸುಮ್ಮನಿರುತ್ತಿತ್ತು. ಕೆರಳಿತೋ, ಹೊಟ್ಟೆ ನುಲಿದು, ರಕ್ತ ಬಿದ್ದು, ನಿಂತ ನಿಲುವಿನಲ್ಲೇ ಓಡಬೇಕು. “ಬಸುರಾದರೂ ನನ್ನನ್ನು ಕೇಳದೆ ಮಾತ್ರೆ ಬಿಡಬೇಡಿ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳು ಲೋಕದ ತುಂಬ ಇದ್ದಾರೆ, ಹೆದರಬೇಡಿ” ಅಂದಿದ್ದಳು ಡಾಕ್ಟರಮ್ಮ. ಲೋಕದ ತುಂಬ ಇರಬಹುದು, ಅವಳ ಬೀದಿಯಲ್ಲಂತೂ ಒಬ್ಬಳೂ ಬಾಯಿಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ಎದೆನೋವು ಅಂದರೆ ಜನ ಕುರ್ಚಿ ಕೊಡುತ್ತಾರೆ, ಭೇದಿ ಅಂದರೆ ಮೂಗು ಮುಚ್ಚುತ್ತಾರೆ.

ಹಾಗಾಗಿ ಬಸುರು ನಿಂತಾಗ ಅವಳ ಖುಷಿ ದುಪ್ಪಟ್ಟಾಯಿತು. ಕೂಸಿನ ಖುಷಿ ಸರಿಯೇ. ಹಿಂಬಾಗಿಲ ಮಿಷನ್ನಿನ ಖುಷಿಯನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಎಷ್ಟು ಸಲ ಎದ್ದರೂ “ಹೋಗಮ್ಮ ಹೋಗು, ಬಸುರಿಗೆ ಇದೆಲ್ಲ ಇದ್ದದ್ದೇ” ಅನ್ನುತ್ತಿದ್ದರು. ಮಾತ್ರೆ ಬಿಡಲಿಲ್ಲ, ಮಗಳು ಗುಂಡುಗುಂಡಾಗಿ ಹುಟ್ಟಿದಳು. ಅತ್ತೆಯ ಮಡಿಲಿಗೆ ಕೂಸನ್ನು ಹಾಕಿ ಕೆಲಸಕ್ಕೆ ಮರಳಿದಾಗಲೂ ಜಾಗ ಹಾಗೇ ಕಾದಿತ್ತು.

ಆದರೆ ಗುಂಡಿಯ ಕಾಜಾ ಹೊಲಿಯುವ ಹುಡುಗಿ ಸುಮ್ಮನಿರಬೇಕಲ್ಲ! ಮದುವೆಯಾಗಿ ವರ್ಷ ತುಂಬುವ ಮೊದಲೇ ಬಸುರಿಯಾದಳು.

“ಕಾಲರಕ್ಕ, ನಾಳೆಯಿಂದ ನೀನು ಕಿಟಕಿಗೆ,” ಅಂದಳು ದೊಡ್ಡಕ್ಕ.

ಹೊಟ್ಟೆಗೆ ಇದು ಕೇಳಿಸಿತೋ ಏನೋ, ಅದೇ ವಾರ ಕೆರಳಿತು. ಕಿಟಕಿಯಿಂದ ಹಿಂಬಾಗಿಲಿಗೆ ಹೋಗಬೇಕಾದರೆ ಬಟ್ಟೆ ಕತ್ತರಿಸುವ ಮೇಜು, ಅಂಗಿಯ ಗಂಟುಗಳು, ಇಸ್ತ್ರಿಯವಳ ಕಾದ ಪೆಟ್ಟಿಗೆ, ಎಲ್ಲರ ಮೊಣಕಾಲು ದಾಟಬೇಕು. ಎರಡು ಸಲ ಎದ್ದರೆ ಎಲ್ಲರ ಕಣ್ಣೂ ಬೆನ್ನ ಮೇಲೆ. ಕಾಲರಕ್ಕ ಒಂದು ಉಪಾಯ ಹೂಡಿದಳು: ಕೆಲಸಕ್ಕೆ ಬರುವಾಗ ಏನೂ ತಿನ್ನುವುದಿಲ್ಲ, ಮಧ್ಯಾಹ್ನದ ಡಬ್ಬಿ ತೆರೆಯುವುದಿಲ್ಲ. ಹೊಟ್ಟೆ ಅದಕ್ಕೂ ಬಗ್ಗಲಿಲ್ಲ. ಬತ್ತಿದ್ದು ಎದೆಹಾಲು. ಸಂಜೆ ಮಗಳು ಎದೆ ಚೀಪಿ ಚೀಪಿ, ಏನೂ ಸಿಗದೆ, ಅಮ್ಮನ ಮುಖ ನೋಡಿ ಅಳುತ್ತಿದ್ದಳು. ಕಾಲರಕ್ಕನಿಗೆ ಕರುಳು ಕಿತ್ತು ಬಂದಂತಾಗುತ್ತಿತ್ತು.

ಒಂದು ದಿನ ತಡೆಯಲಾರದೆ ಎದ್ದು ಓಡಿದಳು. ಓಡುವ ಭರದಲ್ಲಿ ಅಂಗಿಯ ಗಂಟು ಎಡವಿ ನೆಲದ ತುಂಬ ಅಂಗಿ. ಬಿಳಚಿಕೊಂಡ ಮುಖ ಹೊತ್ತು ವಾಪಸು ಬಂದಾಗ ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಮುಖದ ತುಂಬ ನಗು.

“ಮತ್ತೆ ಆಯ್ತೇನೇ? ಮೊದಲನೇದಕ್ಕೆ ಇನ್ನೂ ಹಲ್ಲು ಬಂದಿಲ್ಲ! ನಿನ್ನ ಗಂಡನಿಗೆ ಒಂಚೂರೂ ತಾಳ್ಮೆ ಇಲ್ವಾ?”

ಅಂಗಡಿಗೆ ಅಂಗಡಿಯೇ ಗೊಳ್ಳೆಂದಿತು. ಕಾಲರಕ್ಕನ ನಾಲಗೆ ತುದಿಗೆ ‘ಹೂಂ’ ಬಂದೇಬಿಟ್ಟಿತ್ತು. ಅಂದುಬಿಟ್ಟರೆ ಜಾಗ ಸಿಗುತ್ತದೆ. ಹೊಟ್ಟೆ ಮುಂದೆ ಬಾರದಿದ್ದಾಗ ಏನು ಹೇಳುವುದು ಅಂತ ಆಮೇಲೆ ನೋಡಿಕೊಂಡರಾಯಿತು. ಅಷ್ಟರಲ್ಲಿ ಸಂಜೆ ಅಳುವ ಮಗಳ ಮುಖ ಕಣ್ಣಿಗೆ ಕಟ್ಟಿತು. ಸುಳ್ಳು ಬಯಲಾದ ದಿನ ಮತ್ತೆ ಕಿಟಕಿ, ಮತ್ತೆ ಉಪವಾಸ, ಮತ್ತೆ ಅದೇ ಅಳು.

“ಬಸುರಲ್ಲ ದೊಡ್ಡಕ್ಕ. ನಂಗೆ ಕರುಳಲ್ಲಿ ಹುಣ್ಣು, ಮದುವೆಗೂ ಮುಂಚಿಂದ. ಬಂದ್ರೆ ತಡೆಯೋಕಾಗಲ್ಲ. ಓಡಬಾರ್ದು ಅಂತ ಊಟಾನೇ ಬಿಟ್ಟಿದೀನಿ. ಕೂಸಿಗೆ ಹಾಲಿಲ್ಲ.”

ಮಿಷನ್ನುಗಳು ಒಂದೊಂದಾಗಿ ನಿಂತವು.

“ಇಷ್ಟು ವರ್ಷ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ಯಾ?” ದೊಡ್ಡಕ್ಕನ ದನಿ ಇಳಿದಿತ್ತು.

“ನನ್ನಂಥೋರು ಲೋಕದ ತುಂಬ ಇದಾರಂತೆ. ಡಾಕ್ಟ್ರು ಹೇಳಿದ್ರು.”

“ಇದಾರೆ, ಇದಾರೆ. ಎಲ್ರೂ ನಿನ್ನ ಹಾಗೇ ಹಸ್ಕೊಂಡು ಕೂತಿರ್ತಾರೆ, ಹೇಳೋಕೆ ನಾಚಿಕೆ ಅಂತ!” ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾಳೆ ರಜೆ, ಡಾಕ್ಟ್ರ ಹತ್ರ ಹೋಗ್ಬಾ. ಆದ್ರೆ ಜಾಗಕ್ಕೇನು ಮಾಡ್ಲೇ? ಈ ಕಾಜಾ ಬೇರೆ ಬಸುರಿ. ಇವಳನ್ನ ಎಬ್ಬಿಸೋಕಾಗುತ್ತಾ?”

ಕಾಜಾ ಹುಡುಗಿ ಆಗಲೇ ದಾರದ ಡಬ್ಬಿ ಬಗಲಲ್ಲಿಟ್ಟುಕೊಂಡು ನಿಂತಿದ್ದಳು. “ಅಯ್ಯೋ, ಎಬ್ಬಿಸಿ ದೊಡ್ಡಕ್ಕ, ನಿಮಗೆ ಪುಣ್ಯ ಬರುತ್ತೆ! ಆ ಫಿನಾಯಿಲ್ ವಾಸನೆಗೆ ಇಲ್ಲಿ ಕೂತಾಗಿಂದ ಹೊಟ್ಟೆ ತೊಳಸ್ತಿದೆ. ನಿಯಮ ಅಂತ ಬಾಯಿ ಮುಚ್ಕೊಂಡಿದ್ದೆ.”

ದೊಡ್ಡಕ್ಕ ಇವಳನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. “ಬಾಯಿ ಮುಚ್ಕೊಂಡಿರೋರ ಸಂತೇನೇ ಸೇರಿಸಿದೀನಲ್ಲೇ ನಾನು!”

ಆ ಮಧ್ಯಾಹ್ನ ಕಾಲರಕ್ಕ ಹಿಂಬಾಗಿಲ ಬಳಿ ಕೂತು ಡಬ್ಬಿ ತೆರೆದು, ತಳ ಕಾಣುವ ತನಕ ಉಂಡಳು. ಒಂದು ಕಾಲರ್ ಅರ್ಧಕ್ಕೆ ಬಂದಿತ್ತು, ಹೊಟ್ಟೆ ಕರೆಯಿತು. “ಟಾಯ್ಲೆಟ್ಟಿಗೆ ಹೋಗ್ಬರ್ತೀನಿ,” ಅಂದಳು, ಎಲ್ಲರಿಗೂ ಕೇಳುವ ಹಾಗೆ.

“ಬೇಗ ಬಾ, ಅಂಗಿ ಕಾಯ್ತಿವೆ,” ಅಂದಳು ಇಸ್ತ್ರಿಯವಳು. ಯಾರೂ ತಲೆ ಎತ್ತಲಿಲ್ಲ. ಇಂಥ ಸುಖವನ್ನು ಕಾಲರಕ್ಕ ಬಸುರಿಯಾಗಿದ್ದಾಗಲೂ ಕಂಡಿರಲಿಲ್ಲ.