ಹುಡಾಕರ ಮನೆಯ ಊಟ

ಹುಡಾಕರು ಒಳಗೊಳಗೇ ದುಡ್ಡಿರುವವರು ಎಂದು ಸ್ಕ್ರಾಂಟನ್ ಪಟ್ಟಣದ ಆ ಬೀದಿಯವರೆಲ್ಲ ನಂಬಿದ್ದರು. ಅದಕ್ಕೆ ಕಾರಣ ಅವರ ಅಡುಗೆಮನೆಯ ಕಿಟಕಿ. ಮಂಗಳವಾರ ಅಲ್ಲಿಂದ ಬ್ರೆಡ್ ಬೇಯುವ ಪರಿಮಳ ಬರುತ್ತಿತ್ತು, ಗುರುವಾರ ಬೆಣ್ಣೆಯಲ್ಲಿ ಈರುಳ್ಳಿ ಕೆಂಪಗಾಗುವ ವಾಸನೆ, ಭಾನುವಾರ ಇಡೀ ಕೋಳಿ. ಎಮಿಲ್ ಹುಡಾಕ್ ಗೋದಾಮಿನ ಕೆಲಸದಲ್ಲಿ ಬೆನ್ನು ಕೆಡಿಸಿಕೊಂಡು ಮನೆ ಸೇರಿ ಮೂರು ವರ್ಷವಾಗಿತ್ತು. ಅವನ ಹೆಂಡತಿ ವರ್ನಾ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ್ದ ಶಾಲೆ ಮುಚ್ಚಿ ಒಂದೂವರೆ ವರ್ಷ. ಆದರೂ ಆ ಮನೆಯಲ್ಲಿ ಯಾರೂ ಸೊರಗಿರಲಿಲ್ಲ. ಎಮಿಲ್‌ನ ತಾಯಿ ಇರ್ಮಾ, ಎಂಬತ್ತಮೂರು ವರ್ಷದ ಮುದುಕಿ, ಮೊದಲಿಗಿಂತ ಮೈಕೈ ತುಂಬಿಕೊಂಡಿದ್ದಳು.

ನಿಜ ಗೊತ್ತಿದ್ದದ್ದು ಮನೆಯ ಮೂವರಿಗೆ ಮಾತ್ರ. ಬರುವ ಪಿಂಚಣಿ, ಪರಿಹಾರದಲ್ಲಿ ಮನೆ ತೆರಿಗೆ, ಗ್ಯಾಸು, ಔಷಧಿ ಕಳೆದರೆ ದಿನಸಿಗೆ ವಾರಕ್ಕೆ ಉಳಿಯುತ್ತಿದ್ದದ್ದು ಅರವತ್ತೈದು ಡಾಲರ್. ಶಾಲೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಬಡಿಸಿದ್ದ ವರ್ನಾಗೆ ಅದು ಕಷ್ಟ ಅನ್ನಿಸಿದರೂ ಆಗದ ಕೆಲಸ ಅನ್ನಿಸಿರಲಿಲ್ಲ. ಉಪ್ಪು, ಹುಳಿ, ಕೆಂಪಗೆ ಹುರಿದದ್ದು, ಇಷ್ಟಿದ್ದರೆ ಮಕ್ಕಳಿಗೆ ಎಲೆಕೋಸನ್ನೂ ತಿನ್ನಿಸಬಹುದು ಎಂದು ಅವಳು ಅಲ್ಲೇ ಕಲಿತಿದ್ದಳು. ಬುಧವಾರ ಬೆಳಿಗ್ಗೆ ಅಂಗಡಿಯಲ್ಲಿ ಹಳೆಯ ಮಾಲಿಗೆ ಬೆಲೆ ಇಳಿಸುವ ಹೊತ್ತಿಗೆ ಹೋಗಿ ಕೋಳಿ ತರುವಳು. ಭಾನುವಾರ ಅದನ್ನು ಹುರಿದರೆ ಸೋಮವಾರ ಮೂಳೆಯ ಸೂಪು. ಅದರಲ್ಲಿ ಉಳಿದ ಚೂರುಪಾರು ಮಂಗಳವಾರ ಹಿಟ್ಟಿನ ಉಂಡೆಗಳ ಜೊತೆ. ನೆಲಮಾಳಿಗೆಯ ಜಾಡಿಯಲ್ಲಿ ಹುಳಿ ಬರಿಸಿದ ಎಲೆಕೋಸು, ಪಕ್ಕದ ಮನೆಯ ಮರದಿಂದ ಉದುರಿದ್ದನ್ನು ಒಣಗಿಸಿಟ್ಟ ಸೇಬು.

ಎಮಿಲ್‌ನದು ಒಂದೇ ಮಾತು. "ಏನು ಬೇಕಾದ್ರೂ ಮಾಡು, ಯಾರ್ಗೂ ಗೊತ್ತಾಗ್ಬಾರ್ದು." ವರ್ನಾ ಒಪ್ಪಿದ್ದಳು. ಹೇಳಿಕೊಂಡು ತಿರುಗುವ ಆಸೆ ಅವಳಿಗೂ ಇರಲಿಲ್ಲ.

ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ, ಎರಡನೆಯ ಭಾನುವಾರ, ಚರ್ಚಿನಿಂದ ಇಬ್ಬರು ಬಂದರು. ಒಬ್ಬಳು ಮಹಿಳಾ ಸಮಿತಿಯ ಡೋಲೊರೆಸ್ ಪ್ರೋಕಾಪ್, ಗುಡ್ಡದ ಮೇಲಿನ ದೊಡ್ಡ ಮನೆಯ ವಿಧವೆ. ಇನ್ನೊಬ್ಬ ಲೆಕ್ಕ ನೋಡಿಕೊಳ್ಳುವ ಸ್ಟ್ಯಾನ್ಲಿ ವಾಸ್ಕೊ. ಚರ್ಚನ್ನು ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತ್ತು, ಜನ ಕೋಟು ಹಾಕಿಕೊಂಡೇ ಪ್ರಾರ್ಥನೆಗೆ ಕೂರುತ್ತಿದ್ದರು. ಅದರ ರಿಪೇರಿಗೆ ಚಂದಾ ಕೇಳಲು ಅವರು ಬಂದದ್ದು ಸರಿಯಾಗಿ ಊಟದ ಹೊತ್ತಿಗೆ. ಕೂರಿಸಿ ಬಡಿಸದೆ ವಿಧಿಯಿರಲಿಲ್ಲ. ಸೋಮವಾರ, ಮಂಗಳವಾರದ ಊಟ ಎರಡು ತಟ್ಟೆಗಳಲ್ಲಿ ಹೋಗುವುದನ್ನು ವರ್ನಾ ನಗುಮುಖದಿಂದ ನೋಡಿದಳು.

"ರಾಜರ ಮನೆ ಊಟ ಕಣಮ್ಮ ಇದು," ಎಂದಳು ಡೋಲೊರೆಸ್, ತಟ್ಟೆಯಲ್ಲಿದ್ದ ರಸವನ್ನು ಬ್ರೆಡ್ಡಿನಿಂದ ಒರೆಸಿಕೊಂಡು. "ಎಲ್ಲರ ಮನೇಲೂ ಹೀಗಿರುತ್ತಾ?"

"ದೇವರು ಕೊಟ್ಟಿದಾನೆ," ಎಂದ ಎಮಿಲ್.

ವಾಸ್ಕೊ ಬಾಯಿ ಒರೆಸಿಕೊಂಡು ಮುಂದೆ ಬಾಗಿದ. "ಅದಕ್ಕೇ ಎಮಿಲ್ ನಿಮ್ಮನೆಗೆ ಮೊದಲು ಬಂದ್ವಿ. ಇದ್ದವರನ್ನೇ ತಾನೇ ಕೇಳ್ಬೇಕು? ಒಂದೈನೂರು..."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವ ಜಾತಿ ಎಮಿಲ್‌ನದು. ಇಲ್ಲ ಅನ್ನುವುದಕ್ಕೆ ಅವನಿಗೆ ನಾಲಿಗೆ ಹೊರಳಲಿಲ್ಲ, ಹೂಂ ಅನ್ನುವುದಕ್ಕೆ ಜೇಬಿರಲಿಲ್ಲ. ಒಂದು ಕ್ಷಣ ಸೀಲಿಂಗ್ ನೋಡಿದ. "ದುಡ್ಡು ಯಾರು ಬೇಕಾದ್ರೂ ಕೊಡ್ತಾರೆ. ನಾವು ಊಟ ಹಾಕ್ತೀವಿ. ಬರೋ ಶುಕ್ರವಾರ, ಚರ್ಚ್ ಹಾಲ್‌ನಲ್ಲಿ, ನಲವತ್ತು ಜನಕ್ಕೆ. ನೀವು ಟಿಕೆಟ್ ಮಾರಿ. ಖರ್ಚೆಲ್ಲ ನಮ್ಮದು. ನಮ್ಮ ವರ್ನಾಗೆ ನಲವತ್ತು ಜನ ಅಂದ್ರೆ ಎಡಗೈ ಕೆಲಸ."

ವಾಸ್ಕೊ ಎದ್ದು ಅವನ ಕೈ ಕುಲುಕಿದ. ಇರ್ಮಾ ತನ್ನ ಕುರ್ಚಿಯಿಂದ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

ಬಾಗಿಲು ಹಾಕಿದ ಮೇಲೆ ವರ್ನಾ ತಟ್ಟೆಗಳನ್ನು ಎತ್ತಿದಳು, ತೊಳೆದಳು, ಒರೆಸಿಟ್ಟಳು. ಎಮಿಲ್ ಹಿಂದೆಯೇ ನಿಂತಿದ್ದ.

"ಏನಾದ್ರೂ ಹೇಳೇ," ಎಂದ.

"ಏನ್ ಹೇಳ್ಲಿ? ಕೊಡೋ ಕೈ ನಿಂದು, ಮಾಡೋ ಕೈ ನಂದು."

"ಐನೂರು ಕೇಳ್ದ ಕಣೇ ಅವನು. ಇನ್ನೇನ್ ಹೇಳ್ಬೇಕಿತ್ತು?"

"'ಇಲ್ಲ' ಅನ್ನೋದು ಎರಡೇ ಅಕ್ಷರ. ಇರ್ಲಿ ಬಿಡು. ಬುಧವಾರ ಅಂಗಡಿಗೆ ನೀನೂ ಬರ್ತಿದೀಯ. ಬೆನ್ನು ನೋಯುತ್ತೆ ಅಂತ ಹೇಳೋಕೆ ಹೋಗ್ಬೇಡ. ಗಾಡಿ ತಳ್ಳೋಕೆ ಬೆನ್ನು ಬೇಡ."

ಕೋಪಕ್ಕಿಂತ ಬೇರೆ ಏನೋ ಅವಳನ್ನು ಕೊರೆಯುತ್ತಿತ್ತು. ಎರಡು ದಿನ ಅದೇನೆಂದು ತಿಳಿಯಲಿಲ್ಲ. ಮಂಗಳವಾರ ಹಿಟ್ಟು ನಾದುವಾಗ ತಿಳಿಯಿತು. ಊರು ಅವಳ ಕೈ ಮಾಡಿದ್ದನ್ನೆಲ್ಲ ಇಲ್ಲದ ಬ್ಯಾಂಕ್ ಖಾತೆಯೊಂದರ ಹೆಸರಿಗೆ ಹಾಕಿಬಿಟ್ಟಿತ್ತು. ಡೋಲೊರೆಸ್ ಹೊಗಳಿದ್ದು ದುಡ್ಡನ್ನು, ಎಮಿಲ್ ಕೈ ಕುಲುಕಿಸಿಕೊಂಡದ್ದೂ ಅದೇ ದುಡ್ಡಿಗೆ. ಕೋಳಿಯ ಮೂಳೆಯನ್ನು ಆರು ಗಂಟೆ ಸಣ್ಣ ಉರಿಯಲ್ಲಿ ಕುದಿಸಿದವಳು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಅಡುಗೆ ಏನು ಎಂಬುದನ್ನು ಅವಳು ಅಷ್ಟರಲ್ಲಿ ನಿರ್ಧರಿಸಿದ್ದಳು. ವ್ರತದ ಶುಕ್ರವಾರ ಮಾಂಸ ಮುಟ್ಟುವಂತಿಲ್ಲ, ಅದೇ ಒಂದು ಪುಣ್ಯ. ಬಿಳಿ ಬೀನ್ಸ್ ಕಾಳು ಮತ್ತು ಹುಳಿ ಎಲೆಕೋಸಿನ ಸೂಪು, ಈರುಳ್ಳಿ ಎಲೆಕೋಸು ಹುರಿದು ಬೆರೆಸಿದ ಮನೆ ನೂಡಲ್ಸ್, ಬ್ರೆಡ್ಡು, ಕೊನೆಗೆ ಒಣ ಸೇಬು ಹಾಕಿದ ಹಳೆ ಬ್ರೆಡ್ಡಿನ ಪುಡ್ಡಿಂಗು. ಐರಿಷ್ ಮೆರವಣಿಗೆಯ ವಾರ ಹತ್ತಿರ ಬಂದಿತ್ತು, ಆ ಹಬ್ಬದ ಊಟಕ್ಕೆಂದು ಅಂಗಡಿಗೆ ರಾಶಿ ರಾಶಿ ಬಂದಿದ್ದ ಎಲೆಕೋಸು ನೀರಿನ ಬೆಲೆಗೆ ಸಿಗುತ್ತಿತ್ತು. ಆ ವಾರ ಮನೆಯವರು ಫ್ರೀಜರಿನ ತಳದಲ್ಲಿ ಇದ್ದದ್ದನ್ನು ತಿಂದುಕೊಂಡರೆ ಅರವತ್ತೈದರಲ್ಲಿ ನಲವತ್ತು ಜನಕ್ಕೂ ಆಗುತ್ತದೆ.

ಬುಧವಾರ ಎಮಿಲ್ ಗಾಡಿ ತಳ್ಳಿಕೊಂಡು ಬಂದ. ಅಂಗಡಿಗೆ ಅವನು ಬಂದು ವರ್ಷವಾಗಿತ್ತು. ಮೊದಲ ಸಾಲಿನಲ್ಲೇ ಬೆಣ್ಣೆ ನಾಲ್ಕು ಪೊಟ್ಟಣ ಎತ್ತಿ ಹಾಕಿದ. ವರ್ನಾ ಮೂರನ್ನು ವಾಪಸಿಟ್ಟಳು.

"ನಲವತ್ತು ಜನಕ್ಕೆ ಒಂದಾ?"

"ಹುರಿಯೋಕೆ ಎಣ್ಣೆ. ಇಳಿಸೋ ಮುಂಚೆ ಬೆಣ್ಣೆ. ಮೂಗಿಗೆ ಬರೋದು ಕೊನೇಲಿ ಹಾಕಿದ್ದೇ."

ಅವನು ಬೇಯಿಸಿದ ಕಾಳಿನ ಡಬ್ಬಿಗೆ ಕೈ ಹಾಕಿದ. ಅವಳು ಕೆಳಗಿನ ಹಲಗೆಯ ಒಣ ಕಾಳಿನ ಚೀಲ ತೋರಿಸಿದಳು. ಬಾಗಲಾರದೆ ಅವನು ಗೊಣಗಿದ, ಅವಳೇ ಬಗ್ಗಿ ಎತ್ತಿದಳು. ಎಲೆಕೋಸಿನ ರಾಶಿಯ ಹತ್ತಿರ ಅವಳು ತರಕಾರಿ ಜೋಡಿಸುವವನನ್ನು ಕರೆದು, ಕಿತ್ತು ಬಿಸಾಡುವ ಹೊರ ಎಲೆಗಳನ್ನು ಒಂದು ಚೀಲಕ್ಕೆ ತುಂಬಿಕೊಡುತ್ತೀಯಾ ಎಂದು ಕೇಳಿದಳು. ಆ ಹೊತ್ತಿಗೆ ಗೋದಾಮಿನ ಹಳೆಯ ಗೆಳೆಯನೊಬ್ಬ ಅತ್ತ ಬರುವುದು ಎಮಿಲ್‌ಗೆ ಕಂಡಿತು. ಅವನು ಗಾಡಿ ಅಲ್ಲೇ ಬಿಟ್ಟು ಬ್ರೆಡ್ಡಿನ ಸಾಲಿನ ಹಿಂದೆ ಹೋಗಿ ನಿಂತ.

ವರ್ನಾ ಚೀಲ ತುಂಬಿಸಿಕೊಂಡು ಅವನನ್ನು ಹುಡುಕಿಕೊಂಡು ಬಂದಳು.

"ಪ್ರತಿ ವಾರ ಹೀಗೇ ಕೇಳ್ತೀಯಾ?" ಎಂದ ಅವನು, ಅವಳ ಕಡೆ ನೋಡದೆ.

"ಮತ್ತೆ? ನೀನು ತಿಂದಿದ್ದ ಸೂಪು ಎಲ್ಲಿಂದ ಬಂತು ಅಂದ್ಕೊಂಡಿದ್ದೆ?"

ಅವನು ಮನೆಗೆ ಬಂದವನೇ ಕಾಳು ಆರಿಸಲು ಕೂತ.

ಗುರುವಾರ ಇಡೀ ಮನೆ ಹಿಟ್ಟು. ವರ್ನಾ ನಾದಿದಳು, ಎಮಿಲ್ ನಿಂತುಕೊಂಡೇ ಲಟ್ಟಿಸಿದ, ಇರ್ಮಾ ಮೇಜಿನ ತುದಿಯಲ್ಲಿ ಕೂತು ನೂಡಲ್ಸ್ ಕತ್ತರಿಸಿದಳು. ಮುದುಕಿಯ ಕೈ ನಡುಗುತ್ತಿದ್ದರೂ ಚಾಕು ಹಿಡಿದರೆ ನಡುಕ ನಿಲ್ಲುತ್ತಿತ್ತು. ಗೆರೆ ಎಳೆದಂತೆ ಕತ್ತರಿಸಿ ಕುರ್ಚಿಗಳ ಬೆನ್ನಿಗೆ ಬಟ್ಟೆ ಹಾಸಿ ಒಣಹಾಕಿಸಿದಳು.

"ನಿಮ್ಮಪ್ಪ ಗಣಿ ಮುಷ್ಕರ ಅಂತ ಮನೇಲಿ ಕೂತಾಗ ನಾಲ್ಕು ತಿಂಗಳು ಇದನ್ನೇ ತಿಂದ್ವಿ," ಎಂದಳು ಮಗನಿಗೆ. "ಬೀದಿಗೆಲ್ಲ ಗೊತ್ತಿತ್ತು. ಬೀದಿಯವರೂ ಅದನ್ನೇ ತಿಂತಿದ್ರು. ನಿನಗೆ ಈ ಬಿಂಕ ಎಲ್ಲಿಂದ ಬಂತೋ, ನಂಗಂತೂ ಗೊತ್ತಿಲ್ಲ."

"ಅಮ್ಮ, ಸುಮ್ನೆ ಕತ್ತರಿಸು."

"ಕತ್ತರಿಸ್ತಾನೇ ಇದೀನಲ್ಲೋ."

ಶುಕ್ರವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಎಷ್ಟು ಚಳಿಯೆಂದರೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ನಲವತ್ತು ಟಿಕೆಟ್ ಮಾರಿದ್ದ ವಾಸ್ಕೊ ಬಾಗಿಲಲ್ಲಿ ಇನ್ನೂ ಹದಿಮೂರು ಮಾರಿದ. ವಿಷಯ ತಿಳಿದಾಗ ವರ್ನಾ ಬೈಯಲಿಲ್ಲ. ಸೂಪಿನಿಂದ ನಾಲ್ಕು ಸೌಟು ಕಾಳು ತೆಗೆದು ನುಣ್ಣಗೆ ಅರೆದಳು, ನೂಡಲ್ಸ್ ಬೇಯಿಸಿದ ಗಂಜಿಯಂಥ ನೀರನ್ನು ಸೂಪಿಗೆ ಸುರಿದಳು, ಅರೆದ ಕಾಳನ್ನು ಮತ್ತೆ ಸೇರಿಸಿ ಜಾಡಿಯ ಹುಳಿನೀರನ್ನು ಒಂದು ಲೋಟ ಹಾಕಿ ರುಚಿ ನೋಡಿದಳು. ಮೊದಲಿಗಿಂತ ಗಟ್ಟಿಯಾಗಿತ್ತು. ಐವತ್ತಮೂರು ಜನ ಕೋಟು ಹಾಕಿಕೊಂಡೇ ಊಟಕ್ಕೆ ಕೂತರು. ಸೂಪಿನ ಹಬೆ ಏರಿ ಅರ್ಧ ಗಂಟೆಯಲ್ಲಿ ಕೋಟುಗಳು ಒಂದೊಂದಾಗಿ ಕುರ್ಚಿಯ ಬೆನ್ನಿಗೆ ಬಂದವು. ಪುಡ್ಡಿಂಗಿನ ತಟ್ಟೆಗಳು ನೆಕ್ಕಿದಂತೆ ವಾಪಸ್ಸು ಬಂದವು.

ಎಮಿಲ್ ಅಡುಗೆಮನೆಯಲ್ಲಿ ಮೊಣಕೈವರೆಗೂ ಸೋಪಿನ ನೀರಲ್ಲಿ ಕೈಯಿಟ್ಟುಕೊಂಡು ಪಾತ್ರೆ ಉಜ್ಜುತ್ತಿದ್ದ. ವಾಸ್ಕೊ ಬಾಗಿಲಿಗೆ ಒರಗಿ ನಿಂತ. ಅವನ ಹಿಂದೆ ಡೋಲೊರೆಸ್, ಇನ್ನಿಬ್ಬರು ಹೆಂಗಸರು.

"ಎಮಿಲ್, ಕಮ್ಮಿ ಅಂದ್ರೂ ನಾನೂರು ಸುರಿದಿದೀಯ ಕಣಯ್ಯ ನೀನು. ಮುಂದಿನ ವರ್ಷನೂ ನಿಂದೇ ಊಟ ಅಂತ ಬರ್ಕೊಂಡುಬಿಡ್ಲಾ?"

ವರ್ನಾ ಸೌಟು ಒರೆಸುತ್ತಿದ್ದಳು. ಗಂಡ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿದೆ ಅನ್ನಿಸಿತು: ದೇವರು ಕೊಟ್ಟಿದಾನೆ.

"ಅರವತ್ನಾಲ್ಕು," ಎಂದ ಎಮಿಲ್.

"ಏನು ಅರವತ್ನಾಲ್ಕು?"

"ಡಾಲರು. ಎಲ್ಲಾ ಸೇರಿ." ಅವನು ತಿರುಗಲಿಲ್ಲ, ಪಾತ್ರೆಯ ತಳ ಉಜ್ಜುತ್ತಲೇ ಇದ್ದ. "ಅದು ನಮ್ಮನೆ ಒಂದು ವಾರದ ದಿನಸಿ ದುಡ್ಡು ಸ್ಟ್ಯಾನ್ಲಿ. ಇರೋದೇ ಅಷ್ಟು. ಎಲ್ಲಾ ವಾರನೂ ಅಷ್ಟೇ. ನೀವು ಆವತ್ತು ತಿಂದ ಕೋಳಿ ನಮಗೆ ಮೂರು ದಿನಕ್ಕೆ ಬರ್ತಿತ್ತು. ಮಾಡೋದೆಲ್ಲ ಇವಳು. ನಾನು ಹೇಳ್ಕೊಂಡು ತಿರುಗ್ತಿದ್ದೆ, ಅಷ್ಟೇ."

ವಾಸ್ಕೊ "ಓ" ಎಂದ, ಇನ್ನೇನೋ ಹೇಳಲು ಹೋಗಿ ತನ್ನ ಬೂಟು ನೋಡಿಕೊಂಡು ಹೊರಟುಹೋದ. ವರ್ನಾಗೆ ಸಂತೋಷವಾಯಿತೇ ಎಂದು ಕೇಳಿದರೆ ಹೇಳುವುದು ಕಷ್ಟ. ಕಾಲು ಬಹಳ ನೋಯುತ್ತಿದೆ ಎಂಬುದು ಆಗ ಮೊದಲ ಸಲ ಅವಳ ಗಮನಕ್ಕೆ ಬಂತು. ಸ್ಟೂಲು ಎಳೆದುಕೊಂಡು ಕೂತಳು. ಎಮಿಲ್ ಅವಳಿಗೆಂದು ತೆಗೆದಿಟ್ಟಿದ್ದ ನೂಡಲ್ಸಿನ ತಟ್ಟೆಯನ್ನು ಒದ್ದೆ ಕೈಯಲ್ಲೇ ತಂದುಕೊಟ್ಟ. ತಣ್ಣಗಾಗಿತ್ತು. ಅವಳು ಪೂರ್ತಿ ತಿಂದಳು.

ಸುದ್ದಿ ಶನಿವಾರ ಮಧ್ಯಾಹ್ನದೊಳಗೆ ಬೀದಿ ಸುತ್ತಿತು. ಮೆಟ್ಟಿಲ ಮೇಲೆ ಯಾರೋ ಒಂದು ಪೆಟ್ಟಿಗೆ ತುಂಬ ತರಕಾರಿ ಡಬ್ಬಿಗಳನ್ನು ಇಟ್ಟು ಹೋಗಿದ್ದರು. ಇರ್ಮಾ ಒಂದೊಂದನ್ನೂ ಕಣ್ಣ ಹತ್ತಿರ ಹಿಡಿದು ಓದಿದಳು.

"ಪಾಲಕ್ಕು. ಇನ್ನೊಂದು ಪಾಲಕ್ಕು. ತಾವು ತಿನ್ನಲಾರದ್ದನ್ನ ನಮ್ಮ ಬಾಗಿಲಿಗೆ ತಂದು ಹಾಕಿದಾರೆ."

"ಬಿಡಿ ಅಮ್ಮ, ಪಾಪ, ಏನೋ ಕೊಟ್ಟಿದಾರೆ. ಆಲೂಗೆಡ್ಡೆ ಜೊತೆ ಬೇಯಿಸಿದ್ರೆ ನೀವೇ ಇನ್ನಷ್ಟು ಹಾಕು ಅಂತೀರ," ಎಂದಳು ವರ್ನಾ. ಎಮಿಲ್‌ನ ಕಿವಿ ಕೆಂಪಾಗಿತ್ತು, ಆದರೆ ಡಬ್ಬಿಗಳನ್ನು ಅವನೇ ಒಳಗೆ ತಂದು ಜೋಡಿಸಿದ. ವಾಸ್ಕೊ ಮುಂದಿನ ಕೆಲವು ವಾರ ಅವನನ್ನು ಕಂಡರೆ ತುಸು ಮೆಲ್ಲಗೆ ಮಾತಾಡಿಸುತ್ತಿದ್ದ, ಕಾಯಿಲೆಯವರನ್ನು ಮಾತಾಡಿಸುವ ಹಾಗೆ.

ಸೋಮವಾರ ಡೋಲೊರೆಸ್ ಫೋನ್ ಮಾಡಿದಳು. ಪುಡ್ಡಿಂಗ್ ಹೇಗೆ ಮಾಡಿದ್ದು ಎಂದು ಕೇಳಿದಳು. ಆಮೇಲೆ ಸೂಪು. ಬರೆದುಕೊಳ್ಳುತ್ತಿದ್ದ ಸದ್ದಿಲ್ಲ. ಕೊನೆಗೆ, "ಫೋನಲ್ಲಿ ಗೊತ್ತಾಗಲ್ಲ ಕಣೆ. ಒಂದ್ಸಲ ಬಂದು ತೋರಿಸ್ತೀಯಾ? ಯಾರ್ನೂ ಕರ್ಕೊಂಡು ಬರ್ಬೇಡ," ಎಂದಳು.

ಗುಡ್ಡದ ಮನೆಯಲ್ಲಿ ಹದಿನಾಲ್ಕು ಕಿಟಕಿಗಳಿದ್ದವು. ಬೆಚ್ಚಗಿದ್ದದ್ದು ಅಡುಗೆಮನೆಯೊಂದೇ. ವರ್ನಾ ಹಾಲು ಎಲ್ಲಿದೆ ನೋಡಲು ಫ್ರಿಜ್ ತೆರೆದಳು. ಸಾಸಿವೆ ಬಾಟಲಿ, ಅರ್ಧ ನಿಂಬೆಹಣ್ಣು, ಎರಡು ಮೊಟ್ಟೆ. ಮೇಜಿನ ಮೇಲೆ ಉಪ್ಪು ಬಿಸ್ಕತ್ತಿನ ಪೊಟ್ಟಣ, ಪಕ್ಕದಲ್ಲಿ ಇನ್ನೂ ತೊಳೆಯದ ಒಂದು ತಟ್ಟೆ. ಊಟಕ್ಕೆ ಬಂದ ಆ ಭಾನುವಾರ ಡೋಲೊರೆಸ್ ಬ್ರೆಡ್ಡಿನಿಂದ ತಟ್ಟೆ ಒರೆಸಿದ್ದು ವರ್ನಾಗೆ ಆಗ ಬೇರೆಯ ಹಾಗೆ ಕಂಡಿತು. ಅವಳು ಫ್ರಿಜ್ಜಿನ ಬಾಗಿಲು ಹಾಕಿದಳು.

"ವಾರಕ್ಕೆ ಎಷ್ಟಿದೆ?" ಎಂದು ಕೇಳಿದಳು, ವಯಸ್ಸು ಕೇಳುವಷ್ಟೇ ಸಹಜವಾಗಿ.

ಡೋಲೊರೆಸ್ ಕಿಟಕಿಯ ಪರದೆ ಸರಿಮಾಡಿದಳು. "ಮನೆ ತೆರಿಗೆ ಹೋಗಿ ಮೂವತ್ತು. ಒಂದೊಂದು ವಾರ ಮೂವತ್ತೈದು. ಮಾರ್ಬಿಡು ಅಂತಾಳೆ ಮಗಳು. ಎಲ್ಲಿಗೆ ಹೋಗ್ಲಿ?"

"ಒಬ್ಬಳಿಗೆ ಮೂವತ್ತು ಸಾಕು. ಒಬ್ಬಳಿಗೆ ಮಾಡೋದೇ ಕಷ್ಟ, ಅದಕ್ಕೊಂದು ದಾರಿ ಇದೆ. ದೊಡ್ಡ ಪಾತ್ರೆ ಎಲ್ಲಿ?"

ಹನ್ನೆರಡು ಜನಕ್ಕೆ ಬಡಿಸುವ ಬೆಳ್ಳಿ ಸೌಟುಗಳಿದ್ದವು, ದೊಡ್ಡ ಪಾತ್ರೆಯಿರಲಿಲ್ಲ. ಯಾವುದೋ ಹರಾಜಿಗೆ ಕೊಟ್ಟಾಗಿತ್ತು. ಓವನ್ನಿನಲ್ಲಿ ಹಬ್ಬದ ಕೋಳಿ ಹುರಿಯುವ ತಟ್ಟೆಯಲ್ಲೇ ವರ್ನಾ ತಾನು ತಂದಿದ್ದ ನೆನೆಸಿದ ಕಾಳನ್ನು ಸುರಿದಳು. ಡೋಲೊರೆಸ್ ಪಕ್ಕದಲ್ಲಿ ನಿಂತು, ಈರುಳ್ಳಿ ಎಷ್ಟು ಕೆಂಪಾಗಬೇಕು, ಉಪ್ಪು ಮೊದಲೋ ಆಮೇಲೋ, ಮಿಕ್ಕಿದ್ದನ್ನು ಎಷ್ಟು ಪಾಲು ಮಾಡಿ ಫ್ರೀಜರಿಗೆ ಇಡಬೇಕು ಎಂದೆಲ್ಲ ಕೇಳಿದಳು. ಅವಳು ಕೇಳಿದ್ದೆಲ್ಲ ಒಳ್ಳೆಯ ಪ್ರಶ್ನೆಗಳು. ನಾಲ್ಕು ಗಂಟೆಗೆ ವರ್ನಾ ಕೋಟು ಹಾಕಿಕೊಂಡಾಗ ಡೋಲೊರೆಸ್ ಬಾಗಿಲವರೆಗೂ ಬಂದಳು.

"ವಾಸ್ಕೊಗೆ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ಹೇಳೋದಾದ್ರೆ ನೀನು ಹೇಳ್ಬೇಕು."

ಡೋಲೊರೆಸ್ ಆ ವರ್ಷ ಯಾರಿಗೂ ಹೇಳಲಿಲ್ಲ. ಆದರೆ ಸಮಿತಿಯ ಸಭೆಗೆ ಅವಳು ಪ್ರತಿ ತಿಂಗಳೂ ಅಂಗಡಿಯಿಂದ ತರಿಸುತ್ತಿದ್ದ ಕೇಕು ನಿಂತಿತು. ಅವಳೇ ಏನಾದರೂ ಮಾಡಿ ತರತೊಡಗಿದಳು. ಮೊದಮೊದಲು ತಳ ಹಿಡಿದಿರುತ್ತಿತ್ತು. ಜೂನ್ ಹೊತ್ತಿಗೆ ತಿನ್ನುವ ಹಾಗಾಯಿತು.